ನಡುವಿನ ಸಾಹೇಬರು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಉರುಹೊಡೆದವರೇ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಪತ್ತೆ ಹಚ್ಚಿದರು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು ಎಂಬ ಅದರ ಉಪದೇಶವನ್ನು ಮೇಷ್ಟ್ರುಗಳು ಬಾಯಿಪಾಠ ಮಾಡಿಸುತ್ತಾರೆ. ಆದರೆ ಅದರ ಆರಂಭದ ಸಾಲುಗಳನ್ನು ಯಾರೂ ಹೇಳಿಕೊಡುವುದಿಲ್ಲ. ಅರಸನ ಮಾತು ಅಲ್ಲಿ ನೇರವಾಗಿ ಪ್ರಜೆಗಳ ಕಿವಿಗೆ ಬೀಳುವುದಿಲ್ಲ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಅವನ ಮಹಾಮಾತ್ರರ ಹೆಸರಿನಲ್ಲಿ, ಇಸಿಲ ಎಂಬ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ಆಜ್ಞೆ ಶುರುವಾಗುತ್ತದೆ. ಜಿಲ್ಲಾ ಕಚೇರಿಯಿಂದ ತಾಲ್ಲೂಕಿಗೆ ಬರುವ ಇಂದಿನ ಸುತ್ತೋಲೆಯ ಧಾಟಿಯೂ ಇದೇ ಅಲ್ಲವೇ? ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ತಾನು ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಬೆಳಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಓದಿ ಬೆಳೆದ ನನ್ನಂಥವರಿಗೆ ಇವನು ಹತ್ತಿರದ ನೆಂಟನಂತೆ ಕಾಣುತ್ತಾನೆ. ಇರಲಿ.

ನನಗೆ ಇಲ್ಲಿ ಬೇಕಾದದ್ದು ಇಸಿಲದ ಮಹಾಮಾತ್ರರು. ಮೇಲೆ ರಾಜಪುತ್ರ, ಕೆಳಗೆ ಪ್ರಜೆ, ನಡುವೆ ಇವರು. ಮೇಲಿನವರ ಇಚ್ಛೆಯನ್ನು ಕೆಳಗಿನವರ ಅನುಭವವಾಗಿ ಮಾಡುವವರು. ಧರ್ಮದ ಮಾತನ್ನು ದಯೆಯಾಗಿ ತಲುಪಿಸುವುದೋ ದೊಣ್ಣೆಯಾಗಿ ತಲುಪಿಸುವುದೋ ಎಂಬುದು ಅವರ ಕೈಯಲ್ಲಿದ್ದಿರಬೇಕು. ಇಂದು ಅದೇ ಬಯಲಿನಲ್ಲಿ ಅವರ ಜಾಗದಲ್ಲಿ ಖಾಕಿ ತೊಟ್ಟವರಿದ್ದಾರೆ: ಪಿಎಸ್‌ಐ, ಸರ್ಕಲ್ ಇನ್ಸ್‌ಪೆಕ್ಟರ್, ಡಿವೈಎಸ್ಪಿ. ಹೆಗಲ ಮೇಲೆ ಎರಡು ನಕ್ಷತ್ರ, ಮೂರು ನಕ್ಷತ್ರ ಮತ್ತು ಕೆಂಪು-ನೀಲಿ ಪಟ್ಟಿ, ಪಟ್ಟಿ ಕಳಚಿದ ಮೂರು ನಕ್ಷತ್ರ. ಈ ಪಟ್ಟಿ ಕಳಚುವುದರಲ್ಲೇ ಒಬ್ಬ ಅಧಿಕಾರಿಯ ಅರ್ಧ ಆಯುಷ್ಯ ಹೋಗುತ್ತದೆ. ನಮ್ಮ ಕತೆ, ಕಾದಂಬರಿ, ಸಿನಿಮಾಗಳು ಈ ನಡುವಿನವರನ್ನು ಹೇಗೆ ಕಂಡಿವೆ, ಅಥವಾ ಕಂಡಿವೆಯೇ ಎಂಬುದು ನನ್ನ ಪ್ರಶ್ನೆ. ಕಂಡಿಲ್ಲ ಎಂಬುದು ನನ್ನ ತಕರಾರು. ಅದರಿಂದ ನಷ್ಟವಾದದ್ದು ಸಾಹಿತ್ಯಕ್ಕೆ ಮಾತ್ರವಲ್ಲ.

ಮೊದಲು ನೆಲವನ್ನು ನೋಡೋಣ. ಚಳ್ಳಕೆರೆ ತಾಲ್ಲೂಕಿನಲ್ಲಿ ಚಳ್ಳಕೆರೆ, ತಳಕು, ನಾಯಕನಹಟ್ಟಿ, ಪರಶುರಾಮಪುರ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಮೊಳಕಾಲ್ಮುರು, ರಾಂಪುರ. ಠಾಣೆಗಳ ಹೆಸರು ಓದಿದರೆ ಬಯಲುಸೀಮೆಯ ನಕಾಶೆಯನ್ನೇ ಓದಿದಂತೆ. ಒಂದು ಕಡೆ ಬಳ್ಳಾರಿಗೆ ಹೋಗುವ ಹೆದ್ದಾರಿ, ಇನ್ನೊಂದು ಕಡೆ ಆಂಧ್ರದ ರಾಯದುರ್ಗ, ಕಲ್ಯಾಣದುರ್ಗ. ಶೇಂಗಾ, ಎಣ್ಣೆ ಗಿರಣಿ, ಕಂಬಳಿ, ರೇಷ್ಮೆ ಸೀರೆಯ ಮಗ್ಗ. ಮ್ಯಾಸಬೇಡರು, ಕಾಡುಗೊಲ್ಲರು, ದಲಿತರು, ಲಂಬಾಣಿಗರು, ಲಿಂಗಾಯತರು, ನಾವು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಟೀ ಅಂಗಡಿಯಲ್ಲಿ ಕೇಳಿಸುತ್ತವೆ. ಗಡಿಯಾಚೆ ಕದ್ದು ಈಚೆ ಬಂದು ಮಲಗುವವನಿಗೆ, ಈಚೆ ಮಟ್ಕಾ ಬರೆದು ಆಚೆ ಹೋಗಿ ಮಲಗುವವನಿಗೆ ಗಡಿ ಎಂಬುದು ಒಂದು ಸೌಲಭ್ಯ. ಇಲ್ಲಿನ ಪಿಎಸ್‌ಐಗೆ ಕನ್ನಡದಷ್ಟೇ ತೆಲುಗೂ ಬರಬೇಕು. ಆಚೆಯ ಠಾಣೆಯ ಅಧಿಕಾರಿಯ ಜೊತೆ ಸ್ನೇಹವೂ ಬೇಕು.

ಈ ಹುದ್ದೆಗಳು ಆಕಾಶದಿಂದ ಉದುರಿದವಲ್ಲ. ಕಾರ್ನ್‌ವಾಲಿಸ್ 1792ರಲ್ಲಿ ಬಂಗಾಳದಲ್ಲಿ ಜಮೀನ್ದಾರರ ಕೈಯಿಂದ ಪೊಲೀಸ್ ಕೆಲಸ ಕಿತ್ತು ದರೋಗನಿಗೆ ಕೊಟ್ಟ. ಮದ್ರಾಸಿನ ಕಡೆ ಮನ್ರೋ 1816ರಲ್ಲಿ ಅದನ್ನು ಬೇಡವೆಂದು ಊರ ಗೌಡ, ತಳವಾರ, ತಹಶೀಲ್ದಾರರಿಗೆ ಮರಳಿಸಿದ. ಮೊಳಕಾಲ್ಮುರಿನ ಮಗ್ಗುಲಿನ ರಾಯದುರ್ಗ ಆ ವ್ಯವಸ್ಥೆಯೊಳಗೆ ಇತ್ತು, ನಮ್ಮ ಕಡೆ ಮೈಸೂರಿನ ಅಮಲ್ದಾರರದು. 1902–03ರ ಫ್ರೇಜರ್ ಆಯೋಗ ಓದಿದ ಹುಡುಗರನ್ನು ನೇರವಾಗಿ ಸಬ್ ಇನ್ಸ್‌ಪೆಕ್ಟರ್ ಮಾಡಿ ಎಂದಿತು. ಭಾರತೀಯರಿಗಾಗಿ ಡೆಪ್ಯುಟಿ ಸೂಪರಿಂಟೆಂಡೆಂಟ್ ಎಂಬ ಹೊಸ ದರ್ಜೆಯನ್ನೂ ಸೂಚಿಸಿತು. ಸೂಪರಿಂಟೆಂಡೆಂಟ್ ಬಿಳಿಯ, ಡೆಪ್ಯುಟಿ ಕರಿಯ. ಅಂದರೆ ಡಿವೈಎಸ್ಪಿ ಎಂಬ ಹುದ್ದೆ ಹುಟ್ಟಿದ್ದೇ ಅರ್ಧ ಮೆಟ್ಟಿಲಾಗಿ. ಬಿಳಿಯರು ಹೋಗಿ ಮುಕ್ಕಾಲು ಶತಮಾನ ಕಳೆಯಿತು. ಆ ಅರ್ಧತನ ಹೋಗಿಲ್ಲ.

ಠಾಣೆಯ ಭಾಷೆಯನ್ನೇ ನೋಡಿ. ಫಿರ್ಯಾದು, ತನಿಖೆ, ಮಹಜರು, ಜಾಮೀನು, ಜಪ್ತಿ, ಮುಚ್ಚಳಿಕೆ, ಬಂದೋಬಸ್ತು, ದಫೇದಾರ, ಹಾಜರು. ಹೆಚ್ಚಿನವು ಪಾರಸಿ ಅರಬಿಯಿಂದ ಬಂದು ಕನ್ನಡದ ಬೇಸಾಯಗಾರನ ಬಾಯಲ್ಲಿ ಪಳಗಿದ ಪದಗಳು. ಉರ್ದು ಗಜಲಿನಲ್ಲಿ 'ಫರ್ಯಾದ್' ಎಂದರೆ ಎದೆ ಬಿರಿದು ಬರುವ ಮೊರೆ. ಠಾಣೆಯಲ್ಲಿ ಅದು ಒಂದು ಅರ್ಜಿ, ಒಂದು ನಂಬರು. ಮೊರೆ ನಂಬರಾಗುವ ಜಾಗದಲ್ಲಿ ಕೂತವನೇ ಈ ನಡುವಿನ ಸಾಹೇಬ. ಸಾಹೇಬ ಎಂಬ ಪದದ ವಿಚಿತ್ರವನ್ನೂ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗಳಲ್ಲಿ ಆ ಪದ ಇಬ್ಬರಿಗೆ ಸಲ್ಲುತ್ತದೆ, ಮುಸಲ್ಮಾನನಿಗೆ ಮತ್ತು ಅಧಿಕಾರಿಗೆ. ಮೊದಲನೆಯವನ ವಿಷಯದಲ್ಲಿ ಅದು ಎಷ್ಟು ಬೇಗ ಸವೆದು 'ಸಾಬಿ' ಆಗುತ್ತದೆ! ಎರಡನೆಯವನ ವಿಷಯದಲ್ಲಿ ನಿವೃತ್ತಿಯವರೆಗೂ ಸವೆಯುವುದಿಲ್ಲ.

ಈಗ ಕತೆಗಳಿಗೆ ಬರೋಣ. ಉರ್ದು ಶಾಲೆಯಲ್ಲಿ ಓದಿದವರಿಗೆ ಪ್ರೇಮಚಂದರ 'ನಮಕ್ ಕಾ ದಾರೋಗಾ' ಗೊತ್ತಿರುತ್ತದೆ. ಉಪ್ಪಿನ ಇಲಾಖೆಯ ದರೋಗ ಬಂಶೀಧರ ಶ್ರೀಮಂತ ಅಲೋಪಿದೀನನ ಲಂಚವನ್ನು ತಿರಸ್ಕರಿಸಿ ಅವನನ್ನು ಬಂಧಿಸುತ್ತಾನೆ. ಕೋರ್ಟಿನಲ್ಲಿ ಶ್ರೀಮಂತ ಗೆಲ್ಲುತ್ತಾನೆ, ದರೋಗ ಕೆಲಸ ಕಳೆದುಕೊಳ್ಳುತ್ತಾನೆ. ಕೊನೆಗೆ ಅದೇ ಶ್ರೀಮಂತ ಮನೆಗೆ ಬಂದು ಅವನನ್ನು ತನ್ನ ಇಡೀ ಆಸ್ತಿಯ ಮ್ಯಾನೇಜರ್ ಆಗಿ ನೇಮಿಸಿಕೊಳ್ಳುತ್ತಾನೆ. ಮಕ್ಕಳಿಗೆ ಇದನ್ನು ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ ಎಂದು ಪಾಠ ಮಾಡುತ್ತಾರೆ. ನನಗೆ ಅದು ಕನ್ನಡಿ ತಿರುಗಿಸಿದ ಕತೆಯಾಗಿ ಕಾಣುತ್ತದೆ. ಕಾನೂನಿನ ನೌಕರನನ್ನು ಸೋಲಿಸಲಾಗದಿದ್ದರೆ ಕೊಂಡುಕೊಳ್ಳಬಹುದು. ಹಣದಿಂದ ಆಗದಿದ್ದರೆ ಗೌರವದಿಂದ. ಪ್ರೇಮಚಂದರು ನಡುವಿನ ಅಧಿಕಾರಿಯ ಎರಡು ದಾರಿಗಳನ್ನೂ ಒಂದೇ ಕತೆಯಲ್ಲಿ ತೋರಿಸಿ, ಎರಡನೆಯದರ ಬಾಗಿಲಲ್ಲಿ ಅವನ ಕಣ್ಣಲ್ಲಿ ನೀರು ತರಿಸಿ ನಿಲ್ಲಿಸಿಬಿಟ್ಟರು.

ಕನ್ನಡದಲ್ಲಿ ಈ ಸೂಕ್ಷ್ಮ ಇದ್ದದ್ದು, ಆಶ್ಚರ್ಯವೆನಿಸಬಹುದು, ತಳಕಿನ ಮನೆತನದ ತ.ರಾ.ಸು. ಅವರಲ್ಲಿ. ಅವರ ಚಿತ್ರದುರ್ಗದ ಕಾದಂಬರಿಗಳನ್ನು ನಾವು ಪಾಳೆಯಗಾರರ ಶೌರ್ಯಕ್ಕಾಗಿ ಓದುತ್ತೇವೆ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳ ನಿಜವಾದ ಕೇಂದ್ರ ಸಿಂಹಾಸನದಲ್ಲಿಲ್ಲ, ದಳವಾಯಿ ಮುದ್ದಣ್ಣನ ಸುತ್ತ ಇದೆ. ಪಟ್ಟದ ಮೇಲೆ ಯಾರು ಕೂಡಬೇಕೆಂದು ಪಟ್ಟದ ಕೆಳಗೆ ನಿಂತವನು ನಿರ್ಧರಿಸುತ್ತಾನೆ. ಅವನ ಕೈಗೆ ನಾಳೆ ಯಾರ ರಕ್ತ ಹತ್ತುತ್ತದೆ ಎಂಬ ಅಂಜಿಕೆಯಲ್ಲಿ ಕೋಟೆ ಉಸಿರಾಡುತ್ತದೆ. ಇಷ್ಟು ಚೆನ್ನಾಗಿ ದಳವಾಯಿಯನ್ನು ಕಂಡ ನೆಲದಿಂದ ಬಂದ ನಾವು, ಖಾಕಿಯ ದಳವಾಯಿಗಳನ್ನು ಕಾಣಲೇ ಇಲ್ಲ.

ನಮ್ಮ ನವ್ಯ, ಬಂಡಾಯದ ಕತೆಗಳಲ್ಲಿ ಪೊಲೀಸ್ ಬರುತ್ತಾನೆ. ಬೂಟಿನ ಸದ್ದಾಗಿ, ಲಾಠಿಯಾಗಿ, ಹೊಟ್ಟೆಯಾಗಿ. ಬಂಡಾಯದವರಿಗೆ ಅವನು ಪ್ರಭುತ್ವದ ಕೈ. ಕೈಗೆ ಮುಖ ಇರುವುದಿಲ್ಲವಷ್ಟೆ. ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ ಕೇಸರೂರಿಗೆ ಬರುವ ಗುಪ್ತಚರ ಅಧಿಕಾರಿ ಅಂಗಡಿ ಒಂದು ಅಪವಾದ. ಅವನು ಹುಡುಕಲು ಬಂದದ್ದು ಒಂದು, ಊರಲ್ಲಿ ಬೇಯುತ್ತಿರುವುದು ಇನ್ನೊಂದು. ತೇಜಸ್ವಿಯವರ ನಗು ಅವನನ್ನು ಹಾಸ್ಯಾಸ್ಪದ ಮಾಡುತ್ತದೆಯೇ ಹೊರತು ರಾಕ್ಷಸನನ್ನಾಗಿ ಮಾಡುವುದಿಲ್ಲ. ಆದರೆ ಅಂಗಡಿ ಬಂದು ಹೋಗುವವನು. ಊರಲ್ಲೇ ಇದ್ದು, ಗಣೇಶನ ಮೆರವಣಿಗೆಯನ್ನೂ ಮೊಹರಂ ಪೀರ್‌ಗಳನ್ನೂ ಅದೇ ಬೀದಿಯಲ್ಲಿ ದಾಟಿಸಿ, ರಾತ್ರಿ ಹನ್ನೆರಡಕ್ಕೆ ವರದಿ ಬರೆಯುವ ಸರ್ಕಲ್ ಅಲ್ಲ.

ಸಿನಿಮಾದ್ದು ಬೇರೆ ರೋಗ. 1981ರ 'ಅಂತ'ದ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್ ಕನ್ವರ್‌ಲಾಲನಾಗಿ ವೇಷ ಹಾಕುತ್ತಾನೆ. ವ್ಯವಸ್ಥೆಯನ್ನು ಎದುರಿಸಬೇಕಾದರೆ ಇನ್ಸ್‌ಪೆಕ್ಟರ್ ತನ್ನ ಹುದ್ದೆಯಿಂದ ಹೊರಗೆ ಬರಬೇಕು ಎಂಬುದು ಆ ಚಿತ್ರಕ್ಕೆ ಗೊತ್ತಿತ್ತು. 1988ರ 'ಸಾಂಗ್ಲಿಯಾನ'ದ ಹೊತ್ತಿಗೆ ನಾಯಕ ಮೇಲಕ್ಕೇರಿದ. ಶಂಕರ್‌ನಾಗ್ ವೇಷ ಮರೆಸಿಕೊಂಡು ಬೀದಿಗೆ ಇಳಿಯುವುದನ್ನು ನೋಡಿದಾಗಲೆಲ್ಲ ನನಗೆ ಅಲಿಫ್ ಲೈಲಾದ ಖಲೀಫ ಹಾರೂನ್ ರಶೀದ್ ನೆನಪಾಗುತ್ತಾನೆ. ಬಗ್ದಾದಿನ ಬೀದಿಯಲ್ಲಿ ರಾತ್ರಿ ವೇಷ ಮರೆಸಿ ಅಲೆಯುವ ಖಲೀಫ. ಅರಸ ನೇರವಾಗಿ ಬಡವನ ಮನೆಗೆ ಬರುತ್ತಾನೆ ಎಂಬುದು ಜನರ ಹಳೆಯ ಆಸೆ. ಆ ಆಸೆಯ ಇನ್ನೊಂದು ಮುಖವೆಂದರೆ ನಡುವಿನವರೆಲ್ಲ ಕಳ್ಳರು ಎಂಬ ನಂಬಿಕೆ. ನಮ್ಮ ಪೊಲೀಸ್ ಚಿತ್ರಗಳು ಬಹುಮಟ್ಟಿಗೆ ಈ ಅಚ್ಚಿನಲ್ಲೇ ಎರಕಗೊಂಡವು. ಮೇಲೆ ಸಿಡಿಯುವ ಐಪಿಎಸ್, ಕೆಳಗೆ ನಗಿಸುವ ಪೇದೆ, ನಡುವೆ ಖಳನ ಮನೆಯಲ್ಲಿ ಟೀ ಕುಡಿಯುವ ಇನ್ಸ್‌ಪೆಕ್ಟರ್. ಜನ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ. ಮರುದಿನ ದನ ಕಳೆದುಹೋದರೆ ಅವರು ಹೋಗಬೇಕಾದದ್ದು ಟೀ ಕುಡಿಯುವವನ ಬಳಿಗೇ!

ಇತ್ತೀಚಿನ ಎರಡು ಚಿತ್ರಗಳಲ್ಲಿ ಮಾತ್ರ ಬೇರೆ ಗಾಳಿ ಬೀಸಿತು. 2019ರ 'ಕವಲುದಾರಿ'ಯ ಶ್ಯಾಮ್ ಸಂಚಾರಿ ವಿಭಾಗದ ಸಬ್ ಇನ್ಸ್‌ಪೆಕ್ಟರ್. ತನಿಖೆ ಮಾಡಬೇಕೆಂಬ ಹಂಬಲ, ಮಾಡಬೇಕಾದದ್ದು ಸಿಗ್ನಲ್ ಬಳಿ ದಂಡ ವಸೂಲಿ. ತನಗೆ ಸಂಬಂಧವಿಲ್ಲದ ಮೂಳೆಗಳ ಬೆನ್ನು ಹತ್ತಿ ಹೋಗುವ ಅವನ ಹಟದಲ್ಲಿ, ಇಲಾಖೆಯೊಳಗೆ ಮನಸ್ಸಿದ್ದೂ ಜಾಗವಿಲ್ಲದವರ ಸಂಕಟವಿದೆ. 2021ರ 'ಗರುಡ ಗಮನ ವೃಷಭ ವಾಹನ'ದ ಬ್ರಹ್ಮಯ್ಯ ಇನ್ನೂ ಮುಂದೆ ಹೋದವನು. ಹೊರಗಿನಿಂದ ಬಂದವನು, ಆ ಊರಿಗೆ ಒಗ್ಗದವನು, ಮೇಲಿನವರ ಒತ್ತಡಕ್ಕೆ ಸಿಕ್ಕಿ ಮನೆಯಲ್ಲೂ ನೆಮ್ಮದಿ ಇಲ್ಲದವನು. ಕೊಲೆಗಾರರ ಕತೆಯಲ್ಲಿ ಅವನೊಬ್ಬನೇ ಭಯಪಡುವವನು. ಹೆದರಿದ ಪೊಲೀಸನನ್ನು ಕನ್ನಡ ತೆರೆ ಇಷ್ಟು ಗೌರವದಿಂದ ತೋರಿಸಿದ್ದು ನಾನು ನೋಡಿದ ಚಿತ್ರಗಳಲ್ಲಿ ಅದೇ ಮೊದಲು. ಆದರೆ ಬ್ರಹ್ಮಯ್ಯನ ಭಯವೂ ಕೊನೆಗೆ ರಕ್ತದ ಲೆಕ್ಕಾಚಾರದಲ್ಲಿ ಮುಗಿಯುತ್ತದೆ. ಕಡತದಲ್ಲಿ ಮುಗಿಯುವುದಿಲ್ಲ. ನಮ್ಮ ಸಾಹೇಬರ ನಿಜವಾದ ರಂಗಸ್ಥಳ ಕಡತ.

ಆ ಕಡತ ಕಳೆದ ಮೂವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ಕತೆಗಾರರಾದ ನಾವು ಗಮನಿಸಬೇಕಿತ್ತು. ಹಳೆಯ ಸಬ್ ಇನ್ಸ್‌ಪೆಕ್ಟರ್ ಠಾಣೆಯ ಪಾಳೆಯಗಾರ. ಎಸ್ಪಿ ದುರ್ಗದಲ್ಲಿರುತ್ತಿದ್ದರು, ಫೋನು ಟ್ರಂಕ್ ಕಾಲ್, ಸರ್ಕಲ್ ವಾರಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ಯಾರನ್ನು ಕರೆಸಬೇಕು, ಯಾರನ್ನು ಕೂಡಿಸಬೇಕು, ಯಾರನ್ನು ಬಡಿಯಬೇಕು ಎಂಬುದು ಅವರ ಮರ್ಜಿ. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಬಂಧನಕ್ಕೆ ನಿಯಮಗಳನ್ನು ಹಾಕಿತು. ಫಿರ್ಯಾದು ಬಂದರೆ ಎಫ್‌ಐಆರ್ ಮಾಡಲೇಬೇಕೆಂದು 2013ರ ಲಲಿತಾ ಕುಮಾರಿ ತೀರ್ಪು, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ ಎಂದು 2014ರ ಅರ್ನೇಶ್ ಕುಮಾರ್ ತೀರ್ಪು, ಪ್ರತಿ ಠಾಣೆಯಲ್ಲಿ ಸಿಸಿಟಿವಿ ಇರಲಿ ಎಂದು 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು. ಒಂದೊಂದೂ ಪಾಳೆಯಗಾರನ ಕೋಟೆಯ ಒಂದೊಂದು ಬುರುಜನ್ನು ಇಳಿಸಿತು. ಒಳ್ಳೆಯದೇ ಆಯಿತು. ನಮ್ಮ ಮೊಹಲ್ಲಾಗಳ ಹುಡುಗರು, ಬೇಡರ ಹಟ್ಟಿಯ ಹುಡುಗರು ಆ ಬುರುಜುಗಳ ಕೆಳಗೆ ಏನೇನು ಕಂಡಿದ್ದಾರೆಂದು ಬಲ್ಲ ಯಾರೂ ಅದಕ್ಕೆ ಅಳುವುದಿಲ್ಲ.

ಆದರೆ ಬುರುಜು ಇಳಿದ ಜಾಗದಲ್ಲಿ ನ್ಯಾಯದ ಕಟ್ಟೆ ಎದ್ದಿತೇ? ಎದ್ದದ್ದು ಕಂಪ್ಯೂಟರಿನ ಟೇಬಲ್ಲು ಮತ್ತು ವಾಟ್ಸಪ್ ಗುಂಪು. ಬೆಳಗ್ಗೆ ಆರಕ್ಕೆ ಗುಂಪಿನಲ್ಲಿ ಗಸ್ತಿನ ಫೋಟೋ ಬೀಳಬೇಕು. 112ಕ್ಕೆ ಕರೆ ಬಂದರೆ ಎಷ್ಟು ನಿಮಿಷದಲ್ಲಿ ವಾಹನ ತಲುಪಿತು ಎಂಬ ಲೆಕ್ಕ ಬೆಂಗಳೂರಿನಲ್ಲಿ ಕಾಣುತ್ತದೆ. ತಿಂಗಳಿಗೊಮ್ಮೆ ಕ್ರೈಂ ಮೀಟಿಂಗ್. ಬಾಕಿ ಪ್ರಕರಣ ಎಷ್ಟು, ವಾರಂಟ್ ಎಷ್ಟು, ಹೆಲ್ಮೆಟ್ ಕೇಸ್ ಎಷ್ಟು. 2025ರಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಎಂದು ಇನ್ನೊಂದು ಜವಾಬ್ದಾರಿ ಸೇರಿಸಿತು. ಮನೆಬಾಗಿಲಿಗೆ ಹೋಗುವವನು ಪೇದೆ, ಹೋದ ಮನೆಗಳ ಲೆಕ್ಕ ಒಪ್ಪಿಸುವವನು ಪಿಎಸ್‌ಐ. ರಾಜ್ಯದಲ್ಲಿ ಹಲವು ಠಾಣೆಗಳನ್ನು ಪಿಎಸ್‌ಐ ಕೈಯಿಂದ ತೆಗೆದು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಾಗ, ನಾಲ್ಕು ಠಾಣೆಯ ಮೇಲ್ವಿಚಾರಣೆ ಮಾಡುತ್ತಿದ್ದ ದರ್ಜೆಯವರು ಒಂದೇ ಠಾಣೆಯ ಯಜಮಾನರಾದರು, ಯಜಮಾನರಾಗಿದ್ದವರು ಅವರ ಕೈಕೆಳಗಿನವರಾದರು. ಹೆಗಲ ನಕ್ಷತ್ರ ಹಾಗೇ ಇದೆ, ಕೆಲಸ ಒಂದು ಮೆಟ್ಟಿಲು ಕೆಳಗಿಳಿದಿದೆ. ಎರಡು ಫೋನು ಎರಡು ಕಿವಿಗೆ. ಒಂದರಲ್ಲಿ ಸಾಹೇಬರ ಸಾಹೇಬ, ಇನ್ನೊಂದರಲ್ಲಿ ಶಾಸಕರ ಆಪ್ತ.

ಆ ಎರಡನೆಯ ಫೋನಿನ ಕತೆ ನಮ್ಮ ಮಗ್ಗುಲಲ್ಲೇ ನಡೆಯಿತು. ಮೊಳಕಾಲ್ಮುರಿಗೆ ಅಂಟಿಕೊಂಡ ಕೂಡ್ಲಿಗಿಯಲ್ಲಿ ಡಿವೈಎಸ್ಪಿಯಾಗಿದ್ದ ಅನುಪಮಾ ಶೆಣೈ ಅವರನ್ನು 2016ರ ಜನವರಿಯಲ್ಲಿ ವರ್ಗ ಮಾಡಲಾಯಿತು. ಸಚಿವರೊಬ್ಬರ ಕರೆಯನ್ನು ಹೋಲ್ಡ್‌ನಲ್ಲಿ ಇಟ್ಟದ್ದೇ ಕಾರಣ ಎಂಬ ಸುದ್ದಿ ರಾಜ್ಯವಿಡೀ ಹಬ್ಬಿತು. ಜನ ಬೀದಿಗೆ ಬಂದರು, ವರ್ಗಾವಣೆ ರದ್ದಾಯಿತು. ಜೂನ್ 4ರಂದು ಮದ್ಯದ ಲಾಬಿಯ ಕಡೆ ಬೆರಳು ತೋರಿಸಿ ಅವರು ರಾಜೀನಾಮೆ ಕೊಟ್ಟರು. ಅದೇ ದಿನ ರಾಜ್ಯದ ಪೇದೆಗಳು ಸಾಮೂಹಿಕ ರಜೆಯ ಚಳವಳಿಗೆ ಕರೆ ಕೊಟ್ಟಿದ್ದರು. ಅದೇ ವರ್ಷ ಜುಲೈ ಮೊದಲ ವಾರದಲ್ಲಿ ಇಬ್ಬರು ಡಿವೈಎಸ್ಪಿಗಳು ಆತ್ಮಹತ್ಯೆ ಮಾಡಿಕೊಂಡರು. ಪೇದೆಗಳ ಕಷ್ಟಕ್ಕೆ ಔರಾದ್ಕರ್ ಸಮಿತಿ ಬಂತು, ವೇತನದ ಮಾತು ಬಂತು. ನಡುವಿನವರ ಉಸಿರುಗಟ್ಟುವಿಕೆ ಟಿವಿಯಲ್ಲಿ ಕೆಲವು ದಿನ ಚರ್ಚೆಯಾಗಿ ಪಕ್ಷಗಳ ಕೆಸರಾಟದಲ್ಲಿ ಮುಳುಗಿತು. ಪೇದೆಗೆ ಸಂಘಟನೆಯ ಕನಸಾದರೂ ಇದೆ, ಐಪಿಎಸ್‌ಗೆ ದೆಹಲಿಯಿದೆ. ಇವರಿಗೆ?

ವರ್ಗಾವಣೆಯ ಬಗ್ಗೆ ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿತ್ತು. ಡಿವೈಎಸ್ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆಯನ್ನು ಇಲಾಖೆಯದೇ ಒಂದು ಮಂಡಳಿ ಮಾಡಲಿ. ಠಾಣೆಯ ಮುಖ್ಯಸ್ಥರಿಗೆ ಕನಿಷ್ಠ ಎರಡು ವರ್ಷ ಇರಲಿ. ತನಿಖೆ ಬೇರೆ, ಬಂದೋಬಸ್ತು ಬೇರೆಯಾಗಲಿ. ಕರ್ನಾಟಕ 2012ರಲ್ಲಿ ಕಾಯ್ದೆ ತಿದ್ದಿ ಮಂಡಳಿಯನ್ನು ಕಾಗದದ ಮೇಲೆ ತಂದಿತು. ಶಾಸಕರ ಶಿಫಾರಸು ಪತ್ರ, ಜನರ ಬಾಯಲ್ಲಿ 'ಮಿನಿಟ್', ಕಾಯ್ದೆಗಿಂತ ಹಳೆಯದು, ಹೆಚ್ಚು ಬಾಳಿಕೆಯದು. ಇನ್ನು ಹೊಸದಾಗಿ ಸೇರುವವರ ಬಾಗಿಲನ್ನೂ ನೋಡಿದೆವು. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದಲ್ಲಿ ಸಿಕ್ಕಿಬಿದ್ದು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ 2022ರಲ್ಲಿ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎಷ್ಟೋ ಬಡವರ ಮಕ್ಕಳು ಎರಡು ವರ್ಷ ಮೂರು ತಿಂಗಳು ಕಾದರು. ಉಪ್ಪಿನ ದರೋಗನ ಕತೆಯನ್ನು ಇಂದು ಬರೆದರೆ, ಅವನು ಆ ಹುದ್ದೆಗೆ ಹೇಗೆ ಬಂದ ಎಂಬಲ್ಲಿಂದಲೇ ಶುರು ಮಾಡಬೇಕಾಗುತ್ತದೆ.

ಇಷ್ಟಾಗಿಯೂ, ಅಥವಾ ಇದೇ ಹೊತ್ತಿನಲ್ಲಿ, ಕಾನೂನು ಇವರ ಕೈಗೆ ಹಿಂದೆಂದೂ ಇಲ್ಲದಷ್ಟು ಕೊಟ್ಟಿದೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಪರಿಶಿಷ್ಟರ ಮೇಲಿನ ದೌರ್ಜನ್ಯದ ಪ್ರಕರಣಗಳನ್ನು ಡಿವೈಎಸ್ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂದು 1995ರ ನಿಯಮಗಳು ಹೇಳುತ್ತವೆ. ಹೀಗಾಗಿ ಈ ಸೀಮೆಯಲ್ಲಿ ಡಿವೈಎಸ್ಪಿ ಎಂದರೆ ಬರೀ ಮೇಲ್ವಿಚಾರಕನಲ್ಲ. ಹಟ್ಟಿಗೆ, ಕೇರಿಗೆ ತಾನೇ ಹೋಗಿ ಮಹಜರು ಬರೆಯಬೇಕಾದವನು. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟ್, ಇಂಥ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮೊದಲು ಡಿವೈಎಸ್ಪಿ ಪ್ರಾಥಮಿಕ ವಿಚಾರಣೆ ಮಾಡಬಹುದು ಎಂದಿತು. ಏಪ್ರಿಲ್ 2ರಂದು ದೇಶದ ದಲಿತರು ಬಂದ್ ಮಾಡಿದರು. ಅವರ ಅನುಮಾನ ಸರಳವಾಗಿತ್ತು: ವಿಚಾರಣೆಯ ಆ ಕೆಲವು ದಿನಗಳಲ್ಲಿ ಊರ ಗೌಡ ಡಿವೈಎಸ್ಪಿ ಕಚೇರಿಗೆ ಹೋಗಿ ಬಂದಿರುತ್ತಾನೆ. ಅದೇ ವರ್ಷ ಸಂಸತ್ತು 18ಎ ಎಂಬ ಕಲಮು ಸೇರಿಸಿ ಆ ವಿಚಾರಣೆಯನ್ನು ತೆಗೆದುಹಾಕಿತು. 2020ರಲ್ಲಿ ಕೋರ್ಟೂ ಒಪ್ಪಿತು.

ಈಗ ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ, ಮೂರು ವರ್ಷಕ್ಕೆ ಕಡಿಮೆಯಿಲ್ಲದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್ಪಿಗೆ ಕಡಿಮೆಯಲ್ಲದ ಅಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನದ ಪ್ರಾಥಮಿಕ ವಿಚಾರಣೆ ಮಾಡಬಹುದು ಎಂದಿದೆ. ದಲಿತರು ಬೀದಿಗೆ ಬಂದು ಒಂದು ಬಾಗಿಲಿನಿಂದ ಹೊರಗೆ ಹಾಕಿದ್ದು ಇನ್ನೊಂದು ಬಾಗಿಲಿನಿಂದ ಎಲ್ಲರ ಮನೆಯೊಳಗೆ ಬಂದಿದೆ. ದೌರ್ಜನ್ಯ ಕಾಯ್ದೆಯ ಪ್ರಕರಣಗಳಿಗೆ 18ಎ ರಕ್ಷಣೆ ಉಳಿದಿದೆ. ಉಳಿದ ಬಡವರಿಗೆ ಆ ರಕ್ಷಣೆ ಇಲ್ಲ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಅರವತ್ತು ದಾಟಿದವರನ್ನು, ಅಶಕ್ತರನ್ನು ಬಂಧಿಸಬೇಕಾದರೂ ಡಿವೈಎಸ್ಪಿಯ ಅನುಮತಿ ಬೇಕು. ಇದು ಒಳ್ಳೆಯ ಕಲಮು. ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕು. ತೊಂಬತ್ತು ದಿನದೊಳಗೆ ತನಿಖೆಯ ಪ್ರಗತಿಯನ್ನು ಫಿರ್ಯಾದಿಗೆ ತಿಳಿಸಬೇಕು. ಇವೂ ಒಳ್ಳೆಯವೇ. ಆ ಜುಲೈ ಒಂದರಂದು ನನಗೆ ನೆನಪಾದದ್ದು ಮಂಟೋನ 'ನಯಾ ಕಾನೂನ್' ಕತೆಯ ಟಾಂಗಾವಾಲಾ ಉಸ್ತಾದ್ ಮಂಗೂ. ಏಪ್ರಿಲ್ ಒಂದರಿಂದ ಹೊಸ ಕಾನೂನು ಬರುತ್ತದೆಂದು ನಂಬಿ, ಟಾಂಗಾ ಕುದುರೆಗೆ ತುರಾಯಿ ಕಟ್ಟಿ ಬೀದಿಗೆ ಇಳಿದು, ಹಳೆಯ ಗೋರನಿಗೆ ಹೊಡೆದು, ಠಾಣೆಯೊಳಗೆ ಬಿದ್ದವನು. ಅವನನ್ನು ಒಳಗೆ ಹಾಕಿದವರು ಗೋರರಲ್ಲ, ದೇಸೀ ಸಿಪಾಯಿಗಳು. ಮಂಟೋ ಕಂಡದ್ದು ಇದನ್ನೇ. ಕಾನೂನು ಹಳೆಯದೋ ಹೊಸದೋ ಎಂಬುದು ರಾಜಧಾನಿಯಲ್ಲಿ ತೀರ್ಮಾನವಾಗುವುದಿಲ್ಲ, ಠಾಣೆಯ ಮೆಟ್ಟಿಲ ಮೇಲೆ ತೀರ್ಮಾನವಾಗುತ್ತದೆ.

ಮುಸಲ್ಮಾನರ ಪತ್ರಿಕೆಯೊಂದರಲ್ಲಿ ಬರೆಯುತ್ತಾ ಶಾಂತಿಸಭೆಯ ಬಗ್ಗೆ ಹೇಳದಿದ್ದರೆ ಹೇಗೆ? ಬಕ್ರೀದ್‌ಗೆ ಮುಂಚೆ, ಗಣೇಶ ಚೌತಿಗೆ ಮುಂಚೆ, ಈದ್ ಮಿಲಾದ್‌ಗೆ ಮುಂಚೆ ಠಾಣೆಯ ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಒಂದು ಕಡೆ ಜಾಮಿಯಾ ಮಸೀದಿಯ ಕಮಿಟಿಯವರು, ಇನ್ನೊಂದು ಕಡೆ ಗಣೇಶ ಸಮಿತಿಯ ಹುಡುಗರು, ನಡುವೆ ಸರ್ಕಲ್ ಸಾಹೇಬರು. ನಾನು ಹಲವು ಊರುಗಳಲ್ಲಿ ಇಂಥ ಸಭೆಗಳ ಹಿಂದಿನ ಸಾಲಿನಲ್ಲಿ ಕೂತವನು. ಸಂಭಾಷಣೆ ಬಹುತೇಕ ಮೊದಲೇ ಬರೆದಂತಿರುತ್ತದೆ. ನಮ್ಮೂರು ಸೌಹಾರ್ದದ ಊರು ಎಂದು ಮುತವಲ್ಲಿ ಹೇಳುತ್ತಾರೆ, ಅಣ್ಣತಮ್ಮಂದಿರಂತೆ ಇದ್ದೇವೆ ಎಂದು ಸಮಿತಿಯ ಅಧ್ಯಕ್ಷ ಹೇಳುತ್ತಾನೆ, ಡಿಜೆ ಹತ್ತು ಗಂಟೆಗೆ ನಿಲ್ಲಬೇಕು ಎಂದು ಸಾಹೇಬರು ಹೇಳುತ್ತಾರೆ. ಟೀ ಬರುತ್ತದೆ. ಫೋಟೋ ಗುಂಪಿಗೆ ಹೋಗುತ್ತದೆ. ನಿಜವಾದ ಸಭೆ ಆಮೇಲೆ ಸಾಹೇಬರ ಕೊಠಡಿಯಲ್ಲಿ ಮೂರ್ನಾಲ್ಕು ಜನರ ನಡುವೆ ಮೆಲುದನಿಯಲ್ಲಿ ನಡೆಯುತ್ತದೆ: ಮೆರವಣಿಗೆ ಯಾವ ತಿರುವಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವ ಹುಡುಗನನ್ನು ಆ ದಿನ ಅಜ್ಜಿಯ ಊರಿಗೆ ಕಳಿಸಬೇಕು.

ಆ ಮೆಲುದನಿಯ ಕೌಶಲ್ಯ ಎಲ್ಲ ಸಾಹೇಬರಿಗೂ ಇರುವುದಿಲ್ಲ. ಇದ್ದವರಿಂದ ಎಷ್ಟೋ ಬೀದಿಗಳು ಉಳಿದಿವೆ. ಅವರ ಹೆಸರು ಯಾವ ಪದಕದ ಪಟ್ಟಿಯಲ್ಲೂ ಇಲ್ಲ. ಇಲ್ಲದವರ ಕೈಯಲ್ಲಿ ಅದೇ ಪಟ್ಟಿ ರೌಡಿ ಹಾಳೆಯಾಗುತ್ತದೆ. ಗಲಾಟೆಯಾದಾಗ ಎರಡೂ ಕಡೆ ಸಮ ಸಮ ಸಂಖ್ಯೆಯಲ್ಲಿ ಹೆಸರು ಹಾಕುವ ಒಂದು ಪದ್ಧತಿಯಿದೆ. ನಡುವಿನ ಅಧಿಕಾರಿಗೆ ಇದು ಮೇಲಿನವರಿಗೆ ಕೊಡುವ ಸಮತೋಲನದ ವರದಿ. ಮಗ್ಗದ ಮುಂದೆ ಕೂತಿದ್ದ ಹುಡುಗನಿಗೆ ಪಾಸ್‌ಪೋರ್ಟೂ ಇಲ್ಲ, ನೌಕರಿಯೂ ಇಲ್ಲ. ಪೊಲೀಸಿನಲ್ಲಿ ಮುಸಲ್ಮಾನರು ಕಡಿಮೆ, ಠಾಣೆಗಳಲ್ಲಿ ಅವರೂ ಇರಲಿ ಎಂದು 2006ರ ಸಾಚಾರ್ ವರದಿ ಹೇಳಿತ್ತು. ನಮ್ಮವನೇ ಒಬ್ಬ ಪಿಎಸ್‌ಐ ಬಂದರೆ ಕಷ್ಟ ಮುಗಿಯಿತು ಎಂದು ನಮ್ಮ ಹಿರಿಯರು ನಂಬುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಎರಡು ಫೋನಿನ ನಡುವೆ ಕೂತ ಮುಸಲ್ಮಾನ ಪಿಎಸ್‌ಐ ತನ್ನ ನಿಷ್ಪಕ್ಷಪಾತವನ್ನು ಮೂರನೆಯ ಫೋನಿಗೂ ತೋರಿಸಬೇಕಾಗುತ್ತದೆ, ಅಷ್ಟೆ. ಅವನ ಕತೆ ಯಾರಾದರೂ ಬರೆಯಬೇಕು. ಬ್ಯಾರಿ ಮತ್ತು ದಖ್ಖನಿ ಮನೆಗಳ ಒಳಗನ್ನು ಇಷ್ಟು ಚೆನ್ನಾಗಿ ಬರೆದ ನಮ್ಮ ಮುಸ್ಲಿಂ ಕತೆಗಾರರ ಬಳಗ, ಮನೆಯಿಂದ ಠಾಣೆಗೆ ಹೋಗಿ ಸಂಜೆ ಮನೆಗೆ ಬರುವ ಆ ಸಮವಸ್ತ್ರದ ಮಗನ ಬಳಿ ಹೆಚ್ಚು ಹೊತ್ತು ಕೂತಿಲ್ಲ.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು 2007ರ ನಂತರ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗಲೂ ಇದೇ ಕಂಡಿತು. ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲು. ಕುದಾಪುರ, ಉಳ್ಳಾರ್ತಿಯ ಸುತ್ತ ಬೇಲಿ ಏಳುವಾಗ ಕುರಿಗಾಹಿಗಳು ಯೋಜನೆ ಮಾಡಿದವರನ್ನು ನೋಡಲಿಲ್ಲ. ಅವರು ನೋಡಿದ್ದು ಬಂದೋಬಸ್ತಿಗೆ ನಿಂತ ಖಾಕಿಯನ್ನು. ಹಸಿರು ನ್ಯಾಯಮಂಡಳಿಗೆ ಹೋದವರು ಹೋದರು, 2017ರಲ್ಲಿ ಡ್ರೋನ್ ಹಾರಿಸುವ ಪರೀಕ್ಷಾ ನೆಲೆ ಉದ್ಘಾಟನೆಯೂ ಆಯಿತು. ತನ್ನ ಅಪ್ಪನೂ ಕುರಿ ಕಾದವನೇ ಆಗಿರಬಹುದಾದ ಒಬ್ಬ ಪಿಎಸ್‌ಐ ಆ ಬೇಲಿಯ ಯಾವ ಬದಿಗೆ ಮುಖ ಮಾಡಿ ನಿಂತಿದ್ದ? ಪತ್ರಿಕೆಯ ವರದಿಗೆ ಇದು ಬೇಕಿಲ್ಲ. ಕತೆಗೆ ಬೇಕು.

ಯುವ ಕತೆಗಾರರು ಸಿಕ್ಕಾಗ ಪೊಲೀಸ್ ಕತೆ ಎಂದರೆ ಪತ್ತೇದಾರಿ ಎಂದುಕೊಳ್ಳುತ್ತಾರೆ. ನಾನು ಹೇಳುವುದು 173ನೇ ಕಲಮಿನ ಆ ಹದಿನಾಲ್ಕು ದಿನಗಳನ್ನು. ಒಬ್ಬ ಹೆಂಗಸು ಅರ್ಜಿ ಕೊಟ್ಟಿದ್ದಾಳೆ. ಪಿಎಸ್‌ಐ ಅನುಮತಿ ಕೇಳಿ ಬರೆದಿದ್ದಾನೆ, ಡಿವೈಎಸ್ಪಿ ಸಹಿ ಹಾಕಿದ್ದಾರೆ. ಎರಡನೇ ದಿನ ಒಂದು ಫೋನು. ಐದನೇ ದಿನ ಜಾತ್ರೆ ಬಂದೋಬಸ್ತು, ನಾಯಕನಹಟ್ಟಿಯ ತೇರು, ಎಲ್ಲರೂ ಅಲ್ಲಿ. ಎಂಟನೇ ದಿನ ಹೆಂಗಸಿನ ತಮ್ಮ ಬಂದು ರಾಜಿಯ ಮಾತಾಡುತ್ತಾನೆ. ಹತ್ತನೇ ದಿನ ಕ್ರೈಂ ಮೀಟಿಂಗ್. ಹನ್ನೆರಡನೇ ದಿನ ಸ್ಟೇಷನ್ ರೈಟರ್ ಎರಡು ಬಗೆಯ ವರದಿಯನ್ನೂ ಟೈಪ್ ಮಾಡಿ ಇಟ್ಟಿದ್ದಾನೆ, ಒಂದರಲ್ಲಿ ಮೇಲ್ನೋಟಕ್ಕೆ ಅಪರಾಧ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಹದಿಮೂರನೇ ದಿನ ರಾತ್ರಿ ಸಾಹೇಬರು ಎರಡನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾರೆ, ಫೋನು ತಿರುವಿಹಾಕಿ ಇಟ್ಟಿದ್ದಾರೆ. ಹೊರಗಿನ ಬೆಂಚಿನ ಮೇಲೆ ಆ ಹೆಂಗಸು ನಾಳೆ ಬೆಳಗ್ಗೆ ಬಂದು ಕೂರುತ್ತಾಳೆ.